ಸೂಜಿ ಒಳಗೆ, ತುತ್ತು ಹೊರಗೆ

ನೊರೆ ಒಣಗುತ್ತಿದೆ, ಮೇಷ್ಟರ ಎಡಗೆನ್ನೆಯ ಮೇಲೆ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿವೆ, ಬಲಗೆನ್ನೆ ಬೋಳಿಸಿ ಆಗಿದೆ, ಇದೊಂದನ್ನು ಮುಗಿಸಿಬಿಡಬೇಕು, ಆದರೆ ಕತ್ತಿ ಹಿಡಿದವನ ಕಿವಿ ಮಾತ್ರ ಪರದೆಯ ಹಿಂದೆ, ಊಟಕ್ಕೆ ಕೂರಿಸಿ ಬಂದ ಐದು ವರ್ಷದ ಮಗಳ ಬಳಿ — ತಟ್ಟೆಯ ಸದ್ದೇ ಇಲ್ಲ. ಗುಬ್ಬೀ, ತಿಂದ್ಯಾ? ಬೇಡ. ಒಂದೇ ಒಂದು ತುತ್ತು ಕಣೇ. ಬೇಡ ಅಂದ್ನಲ್ಲ, ನೀನು ಚುಚ್ಚಿದೆ. ಚುಚ್ಚಿದ್ದು ಹೌದು, ಊಟಕ್ಕೆ ಮುಂಚೆ, ತಟ್ಟೆ ತುಂಬ ಅನ್ನಕ್ಕೆ ಲೆಕ್ಕ ಹಾಕಿ, ಹೆಂಡತಿ ಹೇಳಿಕೊಟ್ಟ ಹಾಗೇ, ಇಷ್ಟು ದಿನ ಸೂಜಿ ಅವಳ ಕೈಯಲ್ಲೇ ಇತ್ತು, ಇವತ್ತು ಅವಳು ಮತ್ತೆ ಬಸ್ಸಿನ ಕೆಲಸಕ್ಕೆ ಹೊರಟಳು, ಟಿಕೆಟ್ ಚೀಲ ಹೆಗಲಿಗೇರಿಸುತ್ತ ಬಾಗಿಲಲ್ಲಿ ನಿಂತು, ನಿಮ್ಮ ಕೈಲಾಗುತ್ತಾ ರೀ ಅಂದಳು, ದಿನಾ ಕಂಡವರ ಕುತ್ತಿಗೆ ಮೇಲೆ ಕತ್ತಿ ಆಡ್ಸೋನಿಗೆ ಕೇಳೋ ಮಾತಾ ಇದು ಎಂದು ನಕ್ಕಿದ್ದ, ಎಂಥ ನಗು ಅದು. ಒಳಗೆ ಹೋದ ಇನ್ಸುಲಿನ್ ಆಡಿದ ಮಾತಿನ ಹಾಗೆ, ವಾಪಸ್ ಬಾ ಅಂದರೆ ಬರುವುದಿಲ್ಲ, ಅನ್ನ ಸಿಗದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನೇ ಬರಿದು ಮಾಡುತ್ತದೆ. ಅದಕ್ಕೇ ಹೇಳೋದು ಕಣಯ್ಯ, ಮಕ್ಕಳಿಗೆ ಸಿಹಿ ಜಾಸ್ತಿ ತಿನ್ನಿಸ್ಬಾರ್ದು, ಮೇಷ್ಟರು ಕನ್ನಡಿಯಲ್ಲಿ ಉಪದೇಶ ಮಾಡುತ್ತಿದ್ದಾರೆ — ಸಿಹಿಯಿಂದ ಬಂದದ್ದಲ್ಲ ಸಾರ್, ಯಾರ ತಪ್ಪೂ ಅಲ್ಲ, ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ನಿಂತುಹೋಗಿದೆ — ಎನ್ನಲು ಬಾಯಿ ತೆರೆದವನ ಕಿವಿ ಮತ್ತೆ ಪರದೆಯತ್ತ, ಒಳಗಿನ ಬೇಡ ಎಂಬ ದನಿಯೂ ನಿಂತಿತ್ತು.

ಕತ್ತಿ ಎಲ್ಲಿಟ್ಟನೋ. ಪರದೆ, ಬೆಂಚು, ಗೋಡೆಗೊರಗಿದ ಗುಬ್ಬಿ, ಹಣೆ ತುಂಬ ಬೆವರು, ಕಣ್ಣು ತೆರೆದೇ ಇದೆ ಆದರೆ ಅವನನ್ನು ದಾಟಿ ಏನನ್ನೋ ನೋಡುತ್ತಿದೆ, ಹನಿ ರಕ್ತ ಕುಡಿದ ಸಕ್ಕರೆ ಅಳೆಯುವ ಯಂತ್ರ ನಲವತ್ತೆಂಟು ಎಂದಿತು, ಎಪ್ಪತ್ತಕ್ಕಿಂತ ಇಳಿಯಬಾರದು, ಅಯ್ಯೋ, ಜ್ಯೂಸು, ಕುಡಿ ಬಂಗಾರ, ಗಲ್ಲದಿಂದಿಳಿದು ಫ್ರಾಕಿಗೆ ಹರಿಯಿತು, ಹಲ್ಲು ಬಿಗಿದಿದ್ದಾಳೆ, ಬಾಯಿಗೆ ಸುರೀಬೇಡಿ, ನೆತ್ತಿಗೇರುತ್ತೆ, ಒಸಡಿಗೆ ಸವರಿ, ಅದು ಡಾಕ್ಟರಮ್ಮ ಅಂದು ಹೇಳಿದ್ದು, ಜೇನಿನ ಬಾಟಲಿ, ಮುಚ್ಚಳ ಜಾರುತ್ತದೆ, ಲೋಕದ ಮುಚ್ಚಳಗಳಿಗೆಲ್ಲ ಬೆಂಕಿ ಬೀಳಲಿ, ಬಂತು, ಕೆನ್ನೆಯ ಒಳಗೆ ತೋರುಬೆರಳು, ಸವರು, ಮತ್ತೆ ಸವರು, ಮೇಷ್ಟರು ಅರ್ಧ ಗಡ್ಡದಲ್ಲೇ ಬಂದು ಅವಳ ತಲೆ ಹಿಡಿದಿದ್ದಾರೆ, ಆಂಬುಲೆನ್ಸ್ ಕರೀಲಾ, ಕರೀರಿ ಸಾರ್, ಎನ್ನುವಷ್ಟರಲ್ಲಿ — ಕಚ್ಚಿದಳು. ಜೀವ ಹೋಗುವಷ್ಟು. ನೋವು ಮೊಳಕೈವರೆಗೆ ಏರಿತು, ಕಚ್ಚು ತಾಯಿ, ಇನ್ನೂ ಕಚ್ಚು, ಬೆರಳು ತೆಗೆಯಲಿಲ್ಲ ಅವನು, ಚೀಪಿದಳು, ನುಂಗಿದಳು, ಕಣ್ಣು ತಿರುಗಿ ಬಂದು ಅವನ ಮುಖದ ಮೇಲೆ ನಿಂತಿತು, ಥೂ ಅಪ್ಪಾ, ನಿನ್ನ ಬೆರಳು ಸೋಪು ಸೋಪು. ಜ್ಯೂಸು ತಾನೇ ಹಿಡಿದು ಕುಡಿದಳು, ಕಾಲು ಗಂಟೆಯಲ್ಲಿ ಯಂತ್ರ ಎಂಬತ್ತು ದಾಟಿತು, ತಟ್ಟೆ ಎಳೆದುಕೊಂಡು ತಿನ್ನುತ್ತಿದ್ದಾಳೆ, ಏನೂ ಆಗದವಳ ಹಾಗೆ, ಮೇಷ್ಟರು ಏನೋ ಹೇಳುತ್ತಿದ್ದಾರೆ, ಇದು ಇಂಥ ಕಾಯಿಲೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣಯ್ಯ ಅಂತಲೋ ಏನೋ, ಹೆಂಡತಿಗೆ ಫೋನ್ ಹಚ್ಚಿದ್ದಾನೆ, ಏನಾಯ್ತು ರೀ, ಮಾತಾಡಿ ರೀ, ಆಡಬೇಕು, ಎಲ್ಲಿಂದ ಶುರು ಮಾಡಬೇಕು, ತೋರುಬೆರಳ ಮೇಲೆ ಹಲ್ಲು, ಪುಟ್ಟ ಹಾಲುಹಲ್ಲಿನ ಗುರುತು, ಸಾಲಾಗಿ, ಕೆಂಪಗೆ, ಹಲ್ಲಿನ ಗುರುತು.