ತಲೆದಿಂಬಿನ ಕಲೆ

ಅತ್ತೆಯ ಕಣ್ಣಿನ ಆಪರೇಷನ್ ಎರಡನೇ ಸಲವೂ ಮುಂದಕ್ಕೆ ಹೋಯಿತು. ಚಿಕ್ಕಮಗಳೂರಿನ ಕಣ್ಣಾಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ನರ್ಸ್, "ಶುಗರ್ ಮುನ್ನೂರ ಹತ್ತು ಇದೆ. ಇನ್ನೂರರ ಒಳಗೆ ಬರ್ಲಿ, ಆಮೇಲೆ ನೋಡೋಣ" ಎಂದಳು. ಹೋದ ತಿಂಗಳೂ ಹೀಗೇ ಆಗಿತ್ತು. ಬಣಕಲ್‌ಗೆ ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ, ಬರೀ ಬೆಳಕು.

ನನ್ನತ್ತೆ ಗಿಡ್ಡಮ್ಮ ನಲವತ್ತು ವರ್ಷ ಎಸ್ಟೇಟಿನಲ್ಲಿ ಕಾಫಿ ಕುಯ್ದವರು. ಈ ಕುಯ್ಲಿನಲ್ಲಿ ಹಣ್ಣಿನ ಜೊತೆ ಹಸಿರು ಕಾಯನ್ನೂ ಕಿತ್ತು ಚೀಲ ತುಂಬಿದರೆಂದು ಮೇಸ್ತ್ರಿ ಬಾಲರಾಜ್, "ಕಣ್ಣು ಸರಿ ಮಾಡ್ಕೊಂಡೇ ಬನ್ನಿ ಗಿಡ್ಡಕ್ಕ" ಎಂದು ಮನೆಗೆ ಕಳಿಸಿದ್ದ. ಅವತ್ತಿನಿಂದ ಜಗಲಿ ಬಿಟ್ಟರೆ ಹಾಸಿಗೆ.

ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಮಾತ್ರೆ ನಾನೇ ಕೈಗೆ ಕೊಡುತ್ತೇನೆ. ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಅನ್ನವೂ ಅಳತೆಯದ್ದೇ. ಮತ್ತೆ ಮುನ್ನೂರ ಹತ್ತು ಹೇಗೆ? ಕದ್ದು ತಿನ್ನುತ್ತಿದ್ದಾರೆ ಎಂಬ ಒಂದೇ ಉತ್ತರ ನನಗೆ ಹೊಳೆದದ್ದು. ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಅವರು ತಡವರಿಸುತ್ತ ಪಕ್ಕದ ವಿಮಲಮ್ಮನ ಮನೆಗೆ ಹೋದರೆ, ಏನೋ ಒಂದು ನೆಪ ಮಾಡಿಕೊಂಡು ಹಿಂದೆಯೇ ನಾನೂ ಹೋಗುತ್ತಿದ್ದೆ.

"ಏನೇ ಭವ್ಯಾ, ಪೊಲೀಸ್ ಕೆಲ್ಸಕ್ಕೆ ಸೇರ್ಕೊಂಡ್ಯಾ?" ಎಂದು ಒಂದು ದಿನ ವಿಮಲಮ್ಮ ನಕ್ಕರು. ಅತ್ತೆ ನಗಲಿಲ್ಲ.

ಆ ರಾತ್ರಿ ಅವರು ಅಕ್ಕಿರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಗಂಜಿ ಕೇಳಿದರು.

"ರೊಟ್ಟಿ ಯಾಕೆ ಬೇಡ? ಅಲ್ಲೇ ಏನಾದ್ರೂ ತಿಂದ್ಕೊಂಡು ಬಂದ್ರಾ?" ಎಂದು ಕೇಳಿಯೇಬಿಟ್ಟೆ. ಮಗಳು ಧನ್ಯಶ್ರೀ ಪುಸ್ತಕದಿಂದ ತಲೆ ಎತ್ತಿ ನನ್ನ ಮುಖ ನೋಡಿದಳು.

"ಇಲ್ಲ ಮಗಾ" ಎಂದರು ಅತ್ತೆ.

ಮಾರನೇ ದಿನ ಶುಕ್ರವಾರ. ಮಗಳ ಬಿಳಿ ಯೂನಿಫಾರ್ಮಿನ ಜೊತೆ ಅತ್ತೆಯ ತಲೆದಿಂಬಿನ ಕವರನ್ನೂ ಒಗೆಯಲು ತೆಗೆದೆ. ಅದರ ಮೇಲೆ ಕೆಂಪು ಕಲೆ ಹೊಸದೇನಲ್ಲ. ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯನ್ನು ದವಡೆಗಿಟ್ಟುಕೊಂಡೇ ಮಲಗುವುದು ಅವರ ರೂಢಿ. ಆ ಕಲೆ ಸೋಪಿಗೆ ಜಗ್ಗುವುದಿಲ್ಲ, ಇನ್ನಷ್ಟು ಕಂದಾಗಿ ಕೂರುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಕವರನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿ ಒಳಗೆ ಓಡಿದೆ. ಬಂದು ನೋಡಿದರೆ ನೀರು ತಿಳಿಗೆಂಪಾಗಿತ್ತು. ಹಳೆಯ ಕಲೆಗಳು ಹಾಗೇ ಇದ್ದವು, ರಾತ್ರಿಯದು ಮಾತ್ರ ಬಿಟ್ಟುಹೋಗಿತ್ತು.

ತಣ್ಣೀರಿಗೆ ಬಿಡುವ ಕೆಂಪು ಯಾವುದೆಂದು ಮುಟ್ಟಿನ ಬಟ್ಟೆ ಒಗೆದ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ. ಒದ್ದೆ ಕೈಯಲ್ಲೇ ಜಗಲಿಗೆ ಬಂದೆ.

"ಅತ್ತೆ, ಬಾಯಿ ತೆಗೀರಿ."

ಬೆಳಕಿಗೆ ಮುಖ ತಿರುಗಿಸಿ ನೋಡಿದೆ. ವಸಡು ಊದಿಕೊಂಡು ಹಲ್ಲಿನಿಂದ ಬಿಟ್ಟಿತ್ತು. ಬೆರಳು ತಾಗಿಸಿದರೆ ರಕ್ತ, ಜೊತೆಗೆ ಕೀವು.

"ಎಷ್ಟು ದಿನದಿಂದ ಹೀಗೆ?"

"ಮಳೆಗಾಲದಿಂದ. ಎಲೆಅಡಿಕೆ ಹಾಕಿದ್ರೆ ರಕ್ತ ಯಾವ್ದು, ರಸ ಯಾವ್ದು ಗೊತ್ತಾಗಲ್ಲ ಮಾರಾಯ್ತಿ."

"ಅಗಿಯೋಕಾಗಲ್ಲ ಅಂತ ಹೇಳ್ಬಾರ್ದಿತ್ತಾ?"

"ಕಣ್ಣಿಗೇ ನಿಂಗೆ ಇಷ್ಟು ಓಡಾಟ. ಅದ್ರ ಮೇಲೆ ಇದನ್ನೂ ಹೇಳೋದಾ?"

ಹನ್ನೊಂದರ ಬಸ್ಸಿಗೆ ಮೂಡಿಗೆರೆಗೆ ಹೊರಟೆವು. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ.

"ನೀವು ಕದ್ದು ತಿಂತೀರ ಅಂದ್ಕೊಂಡಿದ್ದೆ ಅತ್ತೆ."

"ಸಿಕ್ಕಿದ್ರೆ ತಿಂತಿದ್ದೆ ಬಿಡು. ನೀನು ಅಟ್ಟದ್ಮೇಲೆ ಇಟ್ಟಿದ್ದೆ."

ಡಾಕ್ಟರ್ ದೀಪಶ್ರೀ ಚಿಕ್ಕ ಪ್ರಾಯದವರು. ಕನ್ನಡಿ ಕಡ್ಡಿ ಹಾಕಿ ತುಂಬ ಹೊತ್ತು ನೋಡಿದರು. "ವಸಡಿನಲ್ಲಿ ಕೀವಿದ್ರೆ ಶುಗರ್ ಇಳಿಯೋದು ಕಷ್ಟ. ಶುಗರ್ ಜಾಸ್ತಿ ಇದ್ರೆ ವಸಡು ವಾಸಿಯಾಗಲ್ಲ. ಒಂದನ್ನೊಂದು ಹಿಡ್ಕೊಂಡಿರುತ್ತೆ. ಇದೊಂದೇ ಕಾರಣ ಅಂತ ಹೇಳಲ್ಲ, ಮಾತ್ರೆನೂ ತಪ್ಪಿಸ್ಬಾರ್ದು. ಆದ್ರೆ ಇದನ್ನ ಹೀಗೇ ಬಿಡೋ ಹಾಗಿಲ್ಲ" ಎಂದರು.

"ಕಣ್ಣು ಕಾಣಲ್ಲ ಅಂದ್ರೆ ಬಾಯಿ ತೆಗಿ ಅಂತೀರಲ್ಲವ್ವ" ಎಂದರು ಅತ್ತೆ.

"ಹೌದಜ್ಜಿ. ಎಲೆಅಡಿಕೆ, ಹೊಗೆಸೊಪ್ಪು ಇವತ್ತಿಗೆ ಕೊನೆ."

"ತೋಟದಲ್ಲಿ ಕಾಲಿಗೆ ರಕ್ತ ಹೀರೋ ಇಂಬಳ ಹತ್ತಿದ್ರೆ ಏನು ಉಗೀಲಿ? ಹೊಗೆಸೊಪ್ಪಿನ ರಸಕ್ಕೇ ಅದು ಬಿಡೋದು."

"ಉಪ್ಪು ಹಾಕಿ ಬಿಡಿಸ್ಕೊಳ್ಳಿ."

ನಾಲ್ಕು ಸಲ ಹೋಗಿ ವಸಡಿನ ಒಳಗೆಲ್ಲ ಕ್ಲೀನ್ ಮಾಡಿಸಿದೆವು. ಪೂರ್ತಿ ಅಲ್ಲಾಡುತ್ತಿದ್ದ ಎರಡು ಹಲ್ಲು ಕೀಳಿಸಿದ್ದಾಯಿತು. ಮನೆಯಲ್ಲಿ ಇದ್ದಿಲ ಪುಡಿ ಹೋಗಿ ಮೆತ್ತನೆಯ ಬ್ರಷ್ ಬಂತು. ಎರಡು ಹೊತ್ತೂ ನಾನೇ ಪಕ್ಕ ನಿಂತು ಉಜ್ಜಿಸುತ್ತಿದ್ದೆ. ಎಲೆಅಡಿಕೆ ಇಲ್ಲದ ಮೊದಲ ವಾರ ಅತ್ತೆ ಸುಮ್ಮನೆ ಕೂರಲಾರದೆ ಗೋಡೆ ಹಿಡಿದುಕೊಂಡು ಅಂಗಳದಲ್ಲಿ ಸುತ್ತು ಹಾಕಿದರು, ಬೈದರು, ವಿಮಲಮ್ಮನ ಹತ್ತಿರ ಒಂದೇ ಒಂದು ಚೂರು ಬೇಡಿದರು. ವಿಮಲಮ್ಮ ಕೊಡಲಿಲ್ಲ. ನಾನು ಬೆಳಗಾದರೆ ದಿಂಬಿನ ಕವರ್ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. ಮೂರನೇ ವಾರದಿಂದ ಹೊಸ ಕಲೆ ಇರಲಿಲ್ಲ. ಹಾಗೆಂದು ಸಮಾಧಾನವಾಯಿತೇ? ಶುಗರ್ ಎಷ್ಟಿದೆಯೋ ಎಂಬ ಒಂದೇ ಯೋಚನೆ ಪಾತ್ರೆ ತೊಳೆಯುವಾಗಲೂ ಬಿಡುತ್ತಿರಲಿಲ್ಲ.

ಏಳನೇ ವಾರ ಮತ್ತೆ ಕಣ್ಣಾಸ್ಪತ್ರೆ, ಮತ್ತೆ ಅದೇ ಸಾಲು. ಅತ್ತೆ ಬೆರಳು ಚಾಚಿದರು. ನಾನು ಆ ಪುಟ್ಟ ಮಿಷನ್ನಿನ ಕಡೆ ನೋಡಲಾರದೆ ನರ್ಸಿನ ಮುಖವನ್ನೇ ನೋಡಿದೆ.

"ನೂರ ಎಂಬತ್ತೆರಡು."

"ಅದು ಜಾಸ್ತಿನಾ, ಕಮ್ಮಿನಾ?" ಎಂದರು ಅತ್ತೆ.

"ಸಾಕಜ್ಜಿ. ಬನ್ನಿ ಒಳಗೆ."

ಎಡ ಹುಬ್ಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಹಸಿರು ಗೌನ್ ತೊಡಿಸಿ ಕರೆದುಕೊಂಡು ಹೋದರು. ಬಾಗಿಲು ಮುಚ್ಚುತ್ತಿದ್ದಂತೆ ದೂರದ ಊರಿನಲ್ಲಿ ದುಡಿಯುವ ನನ್ನ ಗಂಡ ದಯಾನಂದರ ಫೋನ್ ಬಂತು.

"ಏನಂದ್ರು?"

"ಒಳಗೆ ಕರ್ಕೊಂಡೋದ್ರು."

"ನೀನು ಒಂಚೂರು ಕೂತ್ಕೊ ಇನ್ನು" ಎಂದರು.

ಕೂತೆ. ಮತ್ತೆ ಎದ್ದು ಆ ಬಾಗಿಲ ಹತ್ತಿರವೇ ಹೋಗಿ ನಿಂತೆ.