ನೀಲಿ ಬೊಟ್ಟಿನ ಕಳ್ಳಿ

'ಈ ತೋಟದ ಒಂದೊಂದು ಕಳ್ಳಿಯನ್ನೂ ಇದನ್ನು ಮಾಡಿಸಿದ ಹೆಸರಾಂತ ಕಲಾವಿದರೊಬ್ಬರು ತಮ್ಮ ಕೈಯಾರೆ ನೆಟ್ಟರು' ಎಂದು ದಿನಕ್ಕೆ ಎಂಟು ಸಲ ಪ್ರವಾಸಿಗರಿಗೆ ಹೇಳುವುದು ನನ್ನ ಕೆಲಸ. ಕೈಯಾರೆಯಂತೆ! ಆ ಮಹಾನುಭಾವರು ಗೋಡೆಗಳಿಗೆಲ್ಲ ನೀಲಿ ಬಳಿಸಿ, ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಚಿತ್ರ ಬರೆದರು. ಗುಂಡಿ ತೋಡಿ, ಮೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು ನಾನೂರು ಕಳ್ಳಿ ನೆಟ್ಟವನು ನಮ್ಮಪ್ಪ. ಕಲಾವಿದರಿಗೆ ಒಂದೇ ಒಂದು ಮುಳ್ಳು ತಾಗಿದ್ದಕ್ಕೆ ಮೂರು ದಿನ ಕುಂಚ ಹಿಡಿಯಲಿಲ್ಲವಂತೆ.

ಅಪ್ಪನದೊಂದು ಪದ್ಧತಿ ಇತ್ತು. ಕಳ್ಳಿಯನ್ನು ಕೀಳುವ ಮುಂಚೆ, ಅದರ ಬಿಸಿಲು ಬೀಳುವ ಮಗ್ಗುಲಿಗೆ ಗೋಡೆಯ ಬಣ್ಣದಲ್ಲೇ ಒಂದು ಬೊಟ್ಟು ಇಡುತ್ತಿದ್ದ. ಹೊಸ ಜಾಗದಲ್ಲೂ ಬೊಟ್ಟು ಬಿಸಿಲಿಗೇ ಮುಖ ಮಾಡಬೇಕು. ನೆರಳಲ್ಲಿ ಬೆಳೆದ ಬೆನ್ನು ಬಿಸಿಲಿಗೆ ಸಿಕ್ಕಿದರೆ ಗಿಡ ಸುಟ್ಟುಹೋಗುತ್ತದೆ. ತೋಟದ ಮೊದಲ ಕಳ್ಳಿಯನ್ನು ನಾನು ಹುಟ್ಟುವ ಹಿಂದಿನ ವರ್ಷ ನೆಟ್ಟಿದ್ದ. ಅದನ್ನು ಅವನು ಕರೆಯುತ್ತಿದ್ದದ್ದೇ 'ನಿಮ್ಮಕ್ಕ' ಎಂದು.

ತೋಟದ ಐವತ್ತನೇ ವರ್ಷದ ಸಮಾರಂಭಕ್ಕೆ ಇತಿಹಾಸ ಬರೆಯಲು ಒಬ್ಬ ಪಂಡಿತ ಬಂದ. ಸದಾ ಕೈಯಲ್ಲಿ ಭೂತಗನ್ನಡಿ, ಹಾಗಾಗಿ ನಮಗೆಲ್ಲ ಅವನು ಭೂತಗನ್ನಡಿಯೇ. ಅಕ್ಕನ ಬುಡದಲ್ಲಿ ಬೊಟ್ಟು ಕಂಡಿದ್ದೇ ತಡ, ಕುಣಿದಾಡಿಬಿಟ್ಟ.

"ಕಲಾವಿದರ ಸಹಿ ಇದು! ಹಿಂದುಗಡೆ ಯಾರಿಗೂ ಕಾಣದ ಹಾಗಿದೆಯಲ್ಲ, ಛೆ!"

"ಸರ್, ಅದು ನಮ್ಮಪ್ಪ ಬಿಸಿಲಿಗೆ ಅಂತ ಇಟ್ಟಿರೋ ಗುರುತು," ಎಂದೆ.

"ನೋಡಮ್ಮಾ, ಇದು ಕಲೆಯ ವಿಷಯ. ನಿಮ್ಮಂಥೋರಿಗೆ ಅರ್ಥ ಆಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರ್ ಮಾತ್ರ ಅವನ ಒಂದೊಂದು ಮಾತಿಗೂ ತಲೆಯಾಡಿಸಿದ. ಅಕ್ಕನನ್ನು ಅಗೆದೆತ್ತಿ, ಬೊಟ್ಟು ದಾರಿಯ ಕಡೆ ಬರುವಂತೆ ತಿರುಗಿಸಿ ನೆಟ್ಟರು.

ಎರಡೇ ವಾರ. ಬಿಸಿಲಿಗೆ ಬಿದ್ದ ಬೆನ್ನು ಮೊದಲು ಹಳದಿಯಾಯಿತು, ಆಮೇಲೆ ಕಂದು. ಮಂಡಿ ನೋವಿನಿಂದ ಮನೆಯಲ್ಲೇ ಕೂತಿದ್ದ ಅಪ್ಪ ದಿನಾ ಸಂಜೆ "ಅಕ್ಕ ಹೇಗಿದ್ದಾಳೆ?" ಎಂದು ಕೇಳುತ್ತಿದ್ದ. "ಚೆನ್ನಾಗಿದ್ದಾಳಪ್ಪ" ಎಂದು ಸುಳ್ಳು ಹೇಳುತ್ತಿದ್ದೆ.

"ಇನ್ನೂ ಉಳಿಯುತ್ತೆ ಸರ್, ತಿರುಗಿಸಿಬಿಡಿ. ಕೈ ಮುಗೀತೀನಿ," ಎಂದು ಮ್ಯಾನೇಜರನ ಹಿಂದೆ ಬಿದ್ದೆ.

"ಸಮಾರಂಭ ಮುಗೀಲಿ, ನೋಡೋಣ."

ಸಮಾರಂಭಕ್ಕೆ ನಾಲ್ಕು ದಿನ ಇರುವಾಗಲೇ ಅಕ್ಕ ಕೊಳೆತು ಉರುಳಿದಳು. ಭೂತಗನ್ನಡಿಗೆ ಅದರ ಚಿಂತೆಯೇ ಇಲ್ಲ. ಬೊಟ್ಟಿದ್ದ ತುಂಡನ್ನು ಕೊಯ್ದು ಒಣಗಿಸಿ, ಒಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಬಣ್ಣ ಮಾಸಬಾರದೆಂದು ಕಿಟಕಿಗಳಿಗೆ ದಪ್ಪ ಪರದೆ ಬೇರೆ.

ಸಮಾರಂಭದ ದಿನ ಅಪ್ಪ ಹಟ ಹಿಡಿದು, ಕೋಲೂರಿಕೊಂಡು ಬಂದೇಬಿಟ್ಟ. ಬರಿದಾದ ಗುಂಡಿ ನೋಡಿದ. ನಾನು ಅವನನ್ನು ಒಳಗೆ ಕರೆದೊಯ್ದೆ. ಗಾಜಿನ ಮುಂದೆ ಬಹಳ ಹೊತ್ತು ನಿಂತು, ಬೊಟ್ಟು ನೋಡಿದ. ಆಮೇಲೆ ಸುತ್ತ ಪರದೆಗಳನ್ನು ನೋಡಿದ.

"ಇಲ್ಲಿ ಬಿಸಿಲೇ ಬರಲ್ವಲ್ಲೇ, ಮಗಳೇ," ಎಂದ.

ಅಷ್ಟರಲ್ಲಿ ಭೂತಗನ್ನಡಿ ಅತಿಥಿಗಳ ಹಿಂಡನ್ನೇ ಕರೆತಂದು, "ಹೇಳಮ್ಮಾ, ಸಹಿಯ ಬಗ್ಗೆ ಹೇಳು," ಎಂದ.

ಕೆಲಸ ಹೋದರೆ ಹೋಗಲಿ ಎಂದುಕೊಂಡು ಅಪ್ಪನ ಕೈ ಹಿಡಿದು ಮುಂದೆ ತಂದೆ.

"ಇದನ್ನು ಇಟ್ಟವರು ಇವರು," ಎಂದೆ. "ಗಿಡ ಬದುಕಲಿ ಅಂತ ಇಟ್ಟಿದ್ದು."