ಹೊಳೆಯಲ್ಲಿ ಬಂದ ಸೌದೆ

ತೊಗಟೆ ಕಳಚಿದ ಅಂಚಿನಗುಂಟ ಒಂದು ಕಪ್ಪು ಗೆರೆ, ಅದರ ಮೇಲೆ ಸಾಸಿವೆಯಷ್ಟು ಅಂಟು, ಒಣಗಿಯೂ ಹೊಳೆಯುತ್ತಿದೆ — ಹುಣಸೆಯಲ್ಲೂ ಕಪ್ಪಿರುತ್ತದೆ, ಆದರೆ ಅದು ನಡುವಿನ ತಿರುಳಿನಲ್ಲಿ, ಅಂಚಿನಲ್ಲಿ ಅಲ್ಲ, ಇದು ಕರಿಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿಯ ಮರ, ಇದರ ಅಂಟು ತಾಕಿದರೆ ಕೈಯೆಲ್ಲ ಬೊಕ್ಕೆ, ಹೊಗೆ ತಾಕಿದರೆ ಮುಖ ಊದುತ್ತದೆ, ಕಂಪಲಾಪುರದ ದಾದಿ, ಅಪ್ಪನ ತಾಯಿ, ಒಮ್ಮೆ ಇದನ್ನು ಉರಿಸಿದಾಗ ಅವಳ ಕಣ್ಣೆರಡೂ ಊತದಲ್ಲಿ ಹೂತುಹೋಗಿದ್ದವು — ಜೀನತುನ್ನೀಸಾ ಕೊರಡಿನಿಂದ ಕೈ ಹಿಂದೆಗೆದಳು. ಹುಣಸೂರಿನ ಈ ಮದುವೆಮನೆಯ ಅಂಗಳದಲ್ಲಿ ಬಿರಿಯಾನಿಯ ದೇಗ್‌ಗಳು ಒಲೆಯ ಮೇಲೆ ಬೆಂಕಿಗಾಗಿ ಕಾದು ಕೂತಿವೆ, ಮಧ್ಯಾಹ್ನಕ್ಕೆ ಊಟ, ಹೆಂಗಸೊಬ್ಬಳು ಎಲ್ಲರೆದುರು ಭಟ್ಟಿ ಹಿಡಿಯುವುದು, ಮದುವೆಯಡುಗೆ ವಹಿಸಿಕೊಳ್ಳುವುದು, ಇದೇ ಮೊದಲಂತೆ, ಮೊದಲೆನ್ನುವುದೇ ಸುಳ್ಳು, ಗಂಡ ಬದುಕಿದ್ದಾಗ ಪರದೆಯ ಹಿಂದೆ ನಿಂತು ಉಪ್ಪಿನ ಅಳತೆ ಹೇಳಿದವಳು ಯಾರು, ದಮ್ ಒಡೆದು ಮುಚ್ಚಳ ತೆಗೆಯುವ ಗಳಿಗೆ ಹೇಳಿದವಳು ಯಾರು, ಹೆಸರು ಮಾತ್ರ ಅವನದಾಗಿತ್ತು, ಇರಲಿ, ಅವನಾದರೂ ಸೌದೆಯ ತುದಿ ಮೂಸದೆ ಬೆಂಕಿ ಇಡುತ್ತಿರಲಿಲ್ಲ. ಇಂದು ಬೀಗರ ಮುಖ ಊದಿದರೆ ಇನ್ನಾರೂ ಅವಳನ್ನು ಒಲೆಯ ಬಳಿ ಬಿಡುವುದಿಲ್ಲ, ಭಟ್ಟಿ ಮೈದುನನ ಪಾಲಾಗುತ್ತದೆ, ಸೌದೆ ತಂದವನೂ ಅವನೇ, ಮುದಸ್ಸಿರ್ — ಭಾಬಿ, ಹುಣಸೆ ಕಣ್ರೀ, ಸುಮ್ನೆ ಹಚ್ರಿ, ಹೊತ್ತಾಯ್ತು. ಹೊತ್ತಾಗಲಿ. ಇದು ಹುಣಸೆ, ಭಾರವಿದೆ, ಈ ಕಡೆಗೆ, ಇದು ಜಾಲಿ, ಕೆಂಡ ನಿಲ್ಲುತ್ತದೆ, ಈ ಕಡೆಗೆ, ಇದು ಕರಿಗೇರು, ಇದೂ ಕರಿಗೇರು, ಕಡ್ಡಿಯಿಂದ ಆಚೆ ನೂಕು, ಗೋಡೆಗೊರಗಿದ ಗಂಡಸರು ನಗುತ್ತಾರೆ, ಸೌದೆಗೂ ಹೆಣ್ಣು ನೋಡೋ ಶಾಸ್ತ್ರ ಮಾಡ್ತಾವ್ರಲ್ಲಪ್ಪ, ನಗಲಿ, ಉಂಡೆದ್ದ ಮೇಲೂ ಅದೇ ಮುಖದಲ್ಲಿ ನಗಲಿ ಎಂದೇ ಅಲ್ಲವೆ ಅವಳು ಆರಿಸುತ್ತಿರುವುದು. ಲಕ್ಷ್ಮಣತೀರ್ಥದ ನೆರೆಯಲ್ಲಿ ತೇಲಿಬಂದ ಈ ಮರವನ್ನು ಹನಗೋಡಿನಲ್ಲಿ ದಡಕ್ಕೆಳೆದು ಒಣಗಿಸಿದವನು ಟ್ರ್ಯಾಕ್ಟರಿನ ಚೆಲುವರಾಜು, ಅವನನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ — ನಂಗೇನ್ ಗೊತ್ತಕ್ಕ, ಎಲೆ ಇಲ್ಲ ತೊಗಟೆ ಇಲ್ಲ, ಒಳೇಲಿ ಬಂದದ್ದು ಕಣಕ್ಕ, ನಿಮ್ ಮೈದ್ನನೇ ಆರಿಸ್ಕಂಡಿದ್ದು, ಕೈಗೆ ಗೋಣಿ ಸುತ್ಕಂಡು ಒಂದೊಂದಾಗಿ ಏರಿಸ್ದ. ಗೋಣಿ. ಹುಣಸೆಗೆ ಯಾರು ಗೋಣಿ ಸುತ್ತಿಕೊಳ್ಳುತ್ತಾರೆ, ಹಾಗಾದರೆ ತಿಳಿಯದೆ ಆದದ್ದಲ್ಲ, ಭಟ್ಟಿ ಕಸಿಯಲೆಂದೇ ಮಾಡಿದ್ದು, ಅಳಲಿಕ್ಕೆ ಮನೆಯಿದೆ, ಇದು ಅಂಗಳ. ಸೆರಗು ಬಿಗಿದು ಗಂಡಸರೆಲ್ಲರಿಗೂ ಕೇಳುವಂತೆ ಹೇಳಿದಳು, ಹುಣಸೆ ತಾನೆ ಮುದಸ್ಸಿರ್, ಬಾ, ನಾನು ಆಚೆ ನೂಕಿದ ಈ ಕೊರಡನ್ನ ಬರಿಗೈಲಿ ಎತ್ತಿ ಒಲೆಗಿಡು, ಹಚ್ಚೋದು ನಾನು. ನಗು ನಿಂತಿತು. ಅವನು ಬಂದ, ಬಗ್ಗಿದ, ಬೆರಳು ಬಿಡಿಸಿದ, ಕೊರಡಿಗೂ ಅಂಗೈಗೂ ನಡುವೆ ಗೇಣು ಗಾಳಿ — ಎತ್ತು, ಯಾರೋ ಅಂದರು, ಎತ್ತಪ್ಪ — ಕೈ, ಗೋಣಿಯಿಲ್ಲದೆ ಇಳಿಯದ ಕೈ, ಗಾಳಿಯಲ್ಲೇ ನಿಂತ ಕೈ, ಆ ಕೈ —